ಕಿವಿಯ ಮೇಲಿನ ಪೆನ್ಸಿಲ್

ಅವರ ಎಡಗಿವಿಯ ಮೇಲೆ ಸದಾ ಒಂದು ಪೆನ್ಸಿಲ್ ಇರುತ್ತಿತ್ತು. ಬಡಗಿಗಳು ಇಟ್ಟುಕೊಳ್ಳುತ್ತಾರಲ್ಲ, ಅಂಥ ಚಪ್ಪಟೆಯ ಕೆಂಪು ಪೆನ್ಸಿಲ್, ಬ್ಲೇಡಿನಲ್ಲಿ ಹೆರೆದು ಮೊನೆ ಮಾಡಿದ್ದು. ಕಿವಿಯ ಹಿಂದಿನ ನರೆಗೂದಲಿಗೆ ಅದರ ಸೀಸದ ಮಸಿ ಹತ್ತಿ ಅಷ್ಟು ಭಾಗ ಮಾತ್ರ ಇನ್ನೂ ಪ್ರಾಯದಲ್ಲಿದ್ದ ಹಾಗೆ ಕಾಣುತ್ತಿತ್ತು. ಬರೆಯುತ್ತಿದ್ದದ್ದು ಬಲಗೈಯಲ್ಲಿ. ಹಾಗಿದ್ದೂ ಪ್ರತಿ ಸಲ ಕೈಯನ್ನು ಮುಖದ ಮುಂದಿನಿಂದ ಆ ಕಡೆಗೆ ಕೊಂಡೊಯ್ದು ಎಡಗಿವಿಯಿಂದಲೇ ಪೆನ್ಸಿಲ್ ತೆಗೆಯುತ್ತಿದ್ದರು, ಬರೆದಾದ ಮೇಲೆ ಹಾಗೆಯೇ ವಾಪಸ್ಸು ಇಡುತ್ತಿದ್ದರು. ಬಲಗಿವಿಯನ್ನು ಯಾವಾಗಲೂ ಖಾಲಿ ಬಿಡುತ್ತಿದ್ದರು. ಇದು ಯಾಕೆ ಎಂದು ನಾನು ಯೋಚಿಸಬೇಕಾಗಿತ್ತು. ಬಾಗಿಲಿಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುವ, ಬಸ್ಸು ಹತ್ತಿದ ಮೇಲೆ ನಾಲ್ಕನೆಯ ಸಲ ಎಳೆಯಲಿಲ್ಲವಲ್ಲ ಎಂದು ಕೊರಗುವ ಜಾತಿ ನನ್ನದು. ಎಲ್ಲದಕ್ಕೂ ಯೋಚನೆ ಮಾಡಿದ ನಾನು ಆ ಪೆನ್ಸಿಲ್ಲಿಗೆ ಯೋಚನೆ ಮಾಡಲಿಲ್ಲ.

ನಾವೆಲ್ಲ ಅವರನ್ನು ಹವಾಲ್ದಾರ್ರು ಎನ್ನುತ್ತಿದ್ದೆವು. ಮಿಲಿಟರಿಯಿಂದ ನಿವೃತ್ತರಾಗಿ ಸಾದಲಿಯಲ್ಲಿ ಹೆಂಡತಿ, ಅಣ್ಣತಮ್ಮಂದಿರ ಜೊತೆ ಇದ್ದರು. ಹಿಪ್ಪುನೇರಳೆ ತೋಟ, ಹುಳುಮನೆ, ಎರಡು ಸೀಮೆ ಹಸು ಇದ್ದ ಮನೆ. ನಾನು ಶಿಡ್ಲಘಟ್ಟದಲ್ಲಿ ಒಂದು ಕಂಪ್ಯೂಟರ್ ಸೆಂಟರ್ ನಡೆಸುತ್ತಿದ್ದೆ. ಆಗಿನ್ನೂ ನಮ್ಮದು ಕೋಲಾರ ಜಿಲ್ಲೆಯೇ. ಕೆಳಗೆ ರೇಷ್ಮೆ ನೂಲು ತೆಗೆಯುವ ಘಟಕ, ಮೇಲೆ ಕಬ್ಬಿಣದ ಮೆಟ್ಟಿಲು ಹತ್ತಿ ಬಂದರೆ ನನ್ನ ನಾಲ್ಕು ಕಂಪ್ಯೂಟರ್. ಲಗ್ನಪತ್ರಿಕೆ, ಬಯೋಡೇಟಾ, ಪಹಣಿ ಅರ್ಜಿ, ಇಂಟರ್ನೆಟ್ಟು. ಕೆಳಗಿನಿಂದ ದಿನವಿಡೀ ಯಂತ್ರಗಳ ಗರಗರ, ಬೆಂದ ಗೂಡಿನ ವಾಸನೆ. ಆ ವಾಸನೆಗೆ ಗಿರಾಕಿಗಳು ಮೂಗು ಮುಚ್ಚಿಕೊಂಡು ಹತ್ತುತ್ತಿದ್ದರು. ಹವಾಲ್ದಾರ್ರು ಮಾತ್ರ ಮೆಟ್ಟಿಲ ನಡುವೆ ನಿಂತು ಆ ಸದ್ದನ್ನು ಸುಖವಾಗಿ ಕೇಳಿಸಿಕೊಂಡು ಬರುತ್ತಿದ್ದರು. ಒಳ್ಳೆಯ ಬಿಸಿನೀರು ಮೈಮೇಲೆ ಬಿದ್ದವರ ಮುಖದ ಹಾಗೆ ಆಗಿರುತ್ತಿತ್ತು ಅವರ ಮುಖ.

ಮೊದಲ ಸಲ ಬಂದದ್ದು ಕೆಲಸದ ಅರ್ಜಿ ಟೈಪು ಮಾಡಿಸಲು. ಬಿಸಿಲಿನ ಹೊತ್ತು, ಗಿರಾಕಿಗಳಿರಲಿಲ್ಲ, ನಾನು ಯುದ್ಧದಲ್ಲಿದ್ದೆ.

ಆ ಆಟದ ಸಿ.ಡಿ.ಯನ್ನು ಭಾವಮೈದ ಬೆಂಗಳೂರಿನಿಂದ ತಂದುಕೊಟ್ಟಿದ್ದ. ಎರಡನೇ ಮಹಾಯುದ್ಧದ್ದು. ಹದ್ದು ಮೇಲಿನಿಂದ ನೋಡಿದಂತೆ ಯುರೋಪಿನ ಯಾವುದೋ ಊರು ಕಾಣುತ್ತದೆ. ಮನೆಗಳ ಹೆಂಚು, ಬೇಲಿ, ಸೇತುವೆ, ಚರ್ಚಿನ ಗೋಡೆ. ನಡುವೆ ರಾಗಿಕಾಳಿನಷ್ಟು ಸೈನಿಕರು. ನಾವು ಮೌಸು ಒತ್ತಿ ಹೇಳಬೇಕು: ಇಲ್ಲಿ ತೆವಳು, ಅಲ್ಲಿ ಹೊಂಚು ಹಾಕು, ಗುಂಡು ಹಾರಿಸು. ಬೇರೆ ಆಟಗಳಂತೆ ಇಲ್ಲಿ ಸತ್ತವನು ಎದ್ದು ಬರುವುದಿಲ್ಲ. ಗುಂಡು ಖಾಲಿಯಾದರೆ ಖಾಲಿ. ಒಬ್ಬೊಬ್ಬ ಸೈನಿಕನಿಗೂ ಒಂದು ಹೆಸರು, ಹೆಸರಿನ ಪಕ್ಕದಲ್ಲಿ ಅವನ ಸ್ಥಿತಿ: ನೆಮ್ಮದಿ, ಗಾಬರಿ, ಗಾಯ. ಎಲ್ಲಕ್ಕಿಂತ ವಿಚಿತ್ರವೆಂದರೆ ತೀರ ಹೆದರಿದವನು ನಾವು ಹೇಳಿದ್ದನ್ನು ಕೇಳುವುದಿಲ್ಲ. ಎಷ್ಟು ಒತ್ತಿದರೂ ನೆಲಕ್ಕೆ ಕಚ್ಚಿಕೊಂಡು ಮಲಗಿರುತ್ತಾನೆ. ಆಟ ಒಂದು ಕ್ಷಣವೂ ನಿಲ್ಲುವುದಿಲ್ಲ.

ನಾನು ಏಳೆಂಟು ಜನರನ್ನು ಒಟ್ಟಿಗೆ ಬೀದಿ ದಾಟಿಸುತ್ತಿದ್ದೆ. ಬೆನ್ನ ಹಿಂದೆ ಧ್ವನಿ ಬಂತು.

“ಏನಪ್ಪಾ, ಅಷ್ಟು ಜನಾನ ಬಯಲಲ್ಲಿ ಓಡಿಸ್ತಿದೀಯ, ಮದುವೆ ಊಟಕ್ಕಾ?”

ತಿರುಗಿ ನೋಡುವಷ್ಟರಲ್ಲಿ ಊಟ ಮುಗಿದಿತ್ತು. ಬೀದಿಯಲ್ಲಿ ಆರು ಜನ ಬಿದ್ದಿದ್ದರು. ಉಳಿದವನೊಬ್ಬ ಗೋಡೆಯ ಹಿಂದೆ ಮುದುರಿಕೊಂಡಿದ್ದ. ನಾನು ಸಿಟ್ಟಿನಿಂದ ಅವನ ಮೇಲೆ ಒತ್ತತೊಡಗಿದೆ.

“ಬಿಡಪ್ಪಾ ಅವನ್ನ. ಹೆದ್ರಿದಾನೆ.”

“ಇದು ಬರೀ ಕಂಪ್ಯೂಟರ್ ಸಾರ್.”

ಅವರು ಬಗ್ಗಿ, ಮುಖವನ್ನು ಓರೆ ಮಾಡಿ ಆ ರಾಗಿಕಾಳನ್ನು ಬಹಳ ಹೊತ್ತು ನೋಡಿದರು. “ಇದನ್ನ ಮಾಡಿದೋನು ಯಾವತ್ತೋ ಒಂದಿನ ಹಿಂಗೆ ಮಲ್ಗಿದ್ದೋನು ಕಣಪ್ಪ. ಇಲ್ದಿದ್ರೆ ಇದು ಅವನಿಗೆ ಗೊತ್ತಾಗ್ತಿರ್ಲಿಲ್ಲ,” ಎಂದರು.

ಆಮೇಲೆ ಅರ್ಜಿ ಟೈಪು ಮಾಡಿದೆವು. ದಿಬ್ಬೂರಹಳ್ಳಿಯಿಂದಾಚೆ ಒಂದು ಗುಡ್ಡದಲ್ಲಿ ಕಲ್ಲಿನ ಕ್ವಾರಿ ನಡೆಯುತ್ತಿತ್ತು. ಅಲ್ಲಿ ಬಂಡೆ ಸಿಡಿಸುವ ಹೊತ್ತಿಗೆ ಜನ ದನ ಹತ್ತಿರ ಸುಳಿಯದಂತೆ ತಡೆಯಲು ಒಬ್ಬ ಮಾಜಿ ಸೈನಿಕ ಬೇಕಾಗಿದ್ದ. ಅವರು ಹೇಳಿದಂತೆ ನಾನು ಬಡಿದೆ. ಕೊನೆಯ ಸಾಲು, ‘ನನ್ನ ಕಣ್ಣು ಕಿವಿಗಳು ಸಂಪೂರ್ಣ ಆರೋಗ್ಯವಾಗಿವೆ.’ ಅದನ್ನು ಹೇಳುವ ಮುಂಚೆ ಒಂದು ಸಲ ಕೆಮ್ಮಿದರು. ಎದ್ದು ಕಾಣಲಿ ಎಂದು ನಾನೇ ಅದರ ಅಕ್ಷರ ದಪ್ಪ ಮಾಡಿದೆ. ಗಿರಾಕಿಯ ಹಿತ ಕಾಯುವವ ನಾನು.

ಉತ್ತರ ಬರಲು ತಿಂಗಳುಗಳೇ ಹಿಡಿದವು. ಅಷ್ಟರಲ್ಲಿ ಅವರು ವಾರಕ್ಕೆ ಮೂರು ನಾಲ್ಕು ದಿನ ಸಾದಲಿ ಬಸ್ಸಿಗೆ ಬರತೊಡಗಿದರು. ಚಪ್ಪಲಿ ಹೊರಗೆ ಬಿಟ್ಟು, ಕೈಗಡಿಯಾರ ಬಿಚ್ಚಿ ಕೀಬೋರ್ಡಿನ ಪಕ್ಕ ಇಟ್ಟು, ಕುರ್ಚಿಯನ್ನು ಪರದೆಗೆ ಓರೆಯಾಗಿ ತಿರುಗಿಸಿಕೊಂಡು ಕೂರುತ್ತಿದ್ದರು. ಇಬ್ಬರೂ ಒಂದೇ ಕಡೆ, ಎದುರಾಳಿ ಕಂಪ್ಯೂಟರ್. ಮೌಸು ನನ್ನ ಕೈಯಲ್ಲಿ, ಆಜ್ಞೆ ಅವರದು. ತಪ್ಪು ಅಚ್ಚಾದ ಲಗ್ನಪತ್ರಿಕೆಗಳು ನನ್ನಲ್ಲಿ ರಾಶಿ ಇರುತ್ತಿದ್ದವು. ಅವುಗಳ ಬೆನ್ನ ಮೇಲೆ ಆ ಪೆನ್ಸಿಲ್ಲಿನಿಂದ ಮೊದಲು ಊರಿನ ನಕ್ಷೆ ಬರೆಯುತ್ತಿದ್ದರು. ಒಂದು ಬದಿಗೆ ವಧೂವರರ ಹೆಸರು, ಇನ್ನೊಂದು ಬದಿಗೆ ಮೆಷಿನ್ ಗನ್ ಎಲ್ಲಿಡಬೇಕೆಂಬ ಗುರುತು.

ಒಂದು ಹುಲ್ಲುಗಾವಲು ದಾಟಲು ಅರ್ಧ ಗಂಟೆ. ಕೆಳಗಿನ ಘಟಕದ ಭಾಯ್ ಟೀ ಹಿಡಿದುಕೊಂಡು ಮೇಲೆ ಬಂದು ಹಣೆ ಚಚ್ಚಿಕೊಳ್ಳುತ್ತಿದ್ದ.

“ಅರೇ ಹವಾಲ್ದಾರ್ ಸಾಬ್, ಯುದ್ಧ ಮುಗೀತಾ? ಯಾರ್ ಗೆದ್ರು?”

“ಇನ್ನೂ ನೋಡ್ತಾ ಇದೀನಪ್ಪ.”

“ಬೆಳಗ್ಗೆಯಿಂದ ನೋಡ್ತಾನೇ ಇದೀರಾ? ನಮ್ದು ಗೂಡು ಬೆಂದು, ನೂಲಾಗಿ, ಮಾರ್ಕೆಟ್ಗೆ ಹೊಂಟೋಯ್ತು! ಹಿಟ್ಲರ್ ಮುದುಕ ಆಗಿ ತಾನೇ ಸತ್ತೋಗ್ತಾನೆ ಬಿಡಿ.”

“ಹಂಗಾದ್ರೆ ಇನ್ನೂ ಒಳ್ಳೇದು. ನನ್ ಹುಡುಗ್ರು ಉಳೀತಾರೆ.”

ಪರದೆಯ ಎರಡೂ ಪಕ್ಕಕ್ಕೆ ಒಂದೊಂದು ಪುಟ್ಟ ಸ್ಪೀಕರು. ಎಲ್ಲೋ ಒಂದು ಗುಂಡು ಹಾರಿದರೆ, ಟ್ಯಾಂಕು ಗುರುಗುಟ್ಟಿದರೆ ಅವರು ತಟ್ಟನೆ ಬೆರಳೆತ್ತಿ ಕೇಳುತ್ತಿದ್ದರು.

“ಎಲ್ಲಿಂದಪ್ಪಾ?”

“ಎಡಗಡೆ. ಸೇತುವೆ ಹತ್ರ.”

“ಸರಿ.”

ಅಷ್ಟೇ. ಆದರೆ ಆ ‘ಸರಿ’ಗಾಗಿ ನಾನು ಕಿವಿ ನಿಮಿರಿಸಿಕೊಂಡು ಕಾಯುತ್ತಿದ್ದೆ. “ಮೊದ್ಲು ಕೇಳು, ಆಮೇಲೆ ನೋಡು, ಎರಡೂ ಸೇರಿದ್ರೆ ಮಾತ್ರ ನಂಬು,” ಎಂದು ಹೇಳಿಕೊಟ್ಟಿದ್ದರು. ಸೈನ್ಯದಲ್ಲಿ ಹೊಸಬರಿಗೆ ಹೀಗೇ ಪರೀಕ್ಷೆ ಮಾಡುತ್ತಾರೆ ಎಂದುಕೊಂಡೆ. ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟರಿಂದ ಸಿಗದ ಶಭಾಷ್‌ಗಿರಿ ನನಗೆ ಆ ಕಬ್ಬಿಣದ ಮೆಟ್ಟಿಲಿನ ಮೇಲಿನ ಕೋಣೆಯಲ್ಲಿ ಸಿಗುತ್ತಿತ್ತು. ಮುನ್ನೂರು ಸಲವಾದರೂ ಕೇಳಿರಬೇಕು, ‘ಎಲ್ಲಿಂದಪ್ಪಾ?’ ಮುನ್ನೂರು ಸಲವೂ ನಾನು ಸರಿಯಾಗಿ ಹೇಳಿದೆ. ನಾನು ಜೀವನದಲ್ಲಿ ಅಷ್ಟು ಸಲ ಸರಿಯಾಗಿದ್ದದ್ದು ಬೇರೆಲ್ಲೂ ಇಲ್ಲ.

ಕ್ವಾರಿಯ ಕೆಲಸ ಸಿಕ್ಕಿತು ಎಂದು ಹೇಳಲು ಬಂದ ದಿನ ಸಂತೋಷಕ್ಕೆ ನಾನೇ ಒಂದು ಏರ್ಪಾಡು ಮಾಡಿದೆ. ಎರಡು ಕಂಪ್ಯೂಟರಿಗೆ ಕೇಬಲ್ ಎಳೆದು, ಬೆನ್ನಿಗೆ ಬೆನ್ನು ಮಾಡಿ ಕೂತು, ಇಬ್ಬರೂ ಹೆಡ್‌ಫೋನ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಯುದ್ಧ. ಗುರುವಿನ ಕೈಲಿ ಸೋಲುವುದು ಹೇಗೂ ಖಚಿತವಿತ್ತು. ಆದರೆ ಗೆದ್ದೆ. ಒಂದಲ್ಲ, ಮೂರು ಆಟ ಗೆದ್ದೆ. ನನ್ನ ಟ್ಯಾಂಕು ಎಡಗಡೆಯ ತೋಪಿನಿಂದ ದೊಡ್ಡ ಸದ್ದು ಮಾಡಿಕೊಂಡು ಬರುತ್ತಿದ್ದರೆ ಅವರ ಮೆಷಿನ್ ಗನ್ನಿನವರು ಬಲಗಡೆಯ ಖಾಲಿ ಹೊಲಕ್ಕೆ ಗುರಿಯಿಟ್ಟು ಕಾಯುತ್ತಿದ್ದರು. ಅಷ್ಟೊಂದು ಎಚ್ಚರದ ಮನುಷ್ಯನ ಹುಡುಗರು ಒಬ್ಬೊಬ್ಬರಾಗಿ ಬೆನ್ನಿಗೆ ಗುಂಡು ತಿಂದು ಸತ್ತರು. ಮೂರನೆಯ ಆಟ ಮುಗಿದಾಗ ಹೆಡ್‌ಫೋನ್ ತೆಗೆದಿಟ್ಟು, ಸತ್ತವರ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದರು. “ಚೆನ್ನಾಗಿ ಆಡಿದೆ ಕಂಪ್ಯೂಟ್ರಪ್ಪ,” ಎಂದು ಗಡಿಯಾರ ಕಟ್ಟಿಕೊಂಡು ಹೋದರು. ನಾನು ಭಾಯ್‌ಗೂ ಅವನ ಕೆಲಸದವರಿಗೂ ಬೋಂಡ ತರಿಸಿದೆ.

ಮಾರನೆಯ ಬೆಳಿಗ್ಗೆ ಒಂದು ಲಗ್ನಪತ್ರಿಕೆ ಟೈಪು ಮಾಡುತ್ತಿದ್ದೆ. ‘ಆಗಮನಾಭಿಲಾಷಿಗಳು’ ಎಂಬಲ್ಲಿಗೆ ಬಂದಿದ್ದೆ, ಕೈ ನಿಂತುಹೋಯಿತು. ಓರೆ ಕುರ್ಚಿ. ಬಲಗಿವಿ ಪರದೆಯ ಕಡೆಗೆ. ಪೆನ್ಸಿಲ್. ಖಾಲಿ ಹೊಲ. ಮುನ್ನೂರು ಸಲ ಕೇಳಿದ ‘ಎಲ್ಲಿಂದಪ್ಪಾ?’ ನನ್ನನ್ನು ಪರೀಕ್ಷೆ ಮಾಡಲು ಕೇಳಿದ್ದಲ್ಲ ಅದು. ಅವರಿಗೆ ಗೊತ್ತಿರಲಿಲ್ಲ, ಅದಕ್ಕೇ ಕೇಳುತ್ತಿದ್ದರು.

ಒಂದು ಕಿವಿ ಹೋದವರಿಗೆ ಸದ್ದು ಕೇಳುತ್ತದೆ. ಆದರೆ ಯಾವ ಕಡೆಯಿಂದ ಬಂತು ಎಂಬುದು ತಿಳಿಯುವುದಿಲ್ಲ. ಇದನ್ನು ನನ್ನದೇ ಇಂಟರ್ನೆಟ್ಟಿನಲ್ಲಿ ನೋಡಿ, ನಂಬಲಾರದೆ, ಹೆಂಡತಿಯ ಕೈಯಿಂದ ಒಂದು ಕಿವಿಯನ್ನು ಒತ್ತಿಸಿಕೊಂಡು ಕಣ್ಣು ಮುಚ್ಚಿ ಮನೆಯೊಳಗೆ ನಿಂತು ಪ್ರಯೋಗ ಮಾಡಿದೆ. ಕುಕ್ಕರು ಬಚ್ಚಲಿನಲ್ಲಿ ಕೂಗಿದ ಹಾಗಾಯಿತು. “ನಿಮಗೆ ಇದೊಂದು ಬಾಕಿ ಇತ್ತು,” ಎಂದಳು ಅವಳು.

ಆಗಲೇ ಅವರು ಕೆಲಸಕ್ಕೆ ಸೇರಿಯಾಗಿತ್ತು. ಸಿಳ್ಳು ಕೇಳಿ, ಆ ಕಡೆಗೆ ಓಡಿ, ದಾರಿಗೆ ಅಡ್ಡಲಾಗಿ ಕೆಂಪು ಬಾವುಟ ಹಿಡಿಯುವ ಕೆಲಸ. ಕಿವಿ ಸಂಪೂರ್ಣ ಆರೋಗ್ಯವಾಗಿದೆ ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದವನು ನಾನು.

ರಜೆಯ ದಿನ ಅವರು ಮೆಟ್ಟಿಲು ಹತ್ತಿ ಬರುವಾಗ ಬಾಗಿಲ ಎಡಕ್ಕೆ ನಿಂತಿದ್ದು ಮೆಲ್ಲಗೆ “ಹವಾಲ್ದಾರ್ರೇ” ಎಂದೆ. ಅವರು ಬಲಕ್ಕೆ ತಿರುಗಿದರು. ಗೋಡೆ ಕಂಡಿತು. ಇನ್ನೂ ತಿರುಗಿದರು. ಪೂರ್ತಿ ಒಂದು ಸುತ್ತು ಬಂದ ಮೇಲೆ ನಾನು ಸಿಕ್ಕಿದೆ. ನನ್ನ ಮುಖ ನೋಡಿದರು. ಅವರಿಗೆ ಗೊತ್ತಾಯಿತು.

“ಯಾರಿಗಾದ್ರೂ ಹೇಳಿದೀಯಾ?”

“ಇಲ್ಲ.”

ಒಳಗೆ ಬಂದು ಕೂತರು. ಆ ದಿನ ಆಟ ಬೇಡವೆಂದರು. “ಮಿಲಿಟ್ರೀಲಿ ಕೊನೇ ವರ್ಷ. ಮಾರ್ಟರ್ ಫಿರಂಗಿ ಪಕ್ಕ ನಿಂತಿದ್ದೆ. ಎರಡೂ ಕೈಲಿ ಗುಂಡು ಹಿಡ್ಕೊಂಡಿದ್ದೆ, ಪಕ್ಕದೋನು ಹಾರಿಸ್ಬಿಟ್ಟ. ಕಿವಿ ಮುಚ್ಕೊಳ್ಳೋಕೆ ಮೂರನೇ ಕೈ ಇರ್ಲಿಲ್ಲ.” ನಕ್ಕರು. “ಕೇಳಲ್ಲ ಅನ್ನೋದು ದೊಡ್ಡದಲ್ಲಪ್ಪ. ಸುಮ್ನೆ ಕೂತ್ರೆ ಒಳಗೆ ಜೀರುಂಡೆ ಶುರುವಾಗ್ತದೆ. ಮನೇಲಿ ಒಂದು ಕೆಲಸ ಮುಟ್ಟೋಕೆ ಬಿಡಲ್ಲ. ‘ನೀನು ಕೂತ್ಕೊ, ನೀನು ಮಿಲಿಟ್ರಿಯೋನು’ ಅಂತಾರೆ. ಕೂತ್ರೆ ಅದು ಕೂಗ್ತದೆ. ಇಲ್ಲಿ ಭಾಯ್ ಮೆಷಿನ್ ಗಲಾಟೇಲಿ ಕೇಳಲ್ಲ. ಕ್ವಾರೀಲಿ ಕಲ್ಲು ಒಡೆಯೋ ಕ್ರಷರ್ ಗಲಾಟೇಲಿ ಕೇಳಲ್ಲ.”

“ಆದ್ರೆ ಅಲ್ಲಿ ಸಿಳ್ಳು...”

“ಅಲ್ಲಿ ಟೀ ಮಾಡೋ ಒಬ್ಬ ಅಕ್ಕ ಇದಾಳೆ. ಕಲ್ಲು ತೆಗೆಯೋ ಗುಂಡಿ ಎರಡಿದಾವೆ, ಗುಡ್ಡದ ಈ ಕಡೆ ಒಂದು, ಆ ಕಡೆ ಒಂದು. ಸಿಳ್ಳು ಬಿದ್ರೆ ‘ಎಕ್ಕಡಮ್ಮಾ?’ ಅಂತೀನಿ. ಕೈ ತೋರಿಸ್ತಾಳೆ. ಹೋಗಿ ನಿಂತ್ಕೋತೀನಿ. ಅವಳೂ ನಿನ್ ಥರಾನೇ, ನಾನು ಪರೀಕ್ಷೆ ಮಾಡ್ತೀನಿ ಅಂದ್ಕೊಂಡಿದಾಳೆ.”

ಯಾರಿಗೂ ಹೇಳಬೇಡ ಎಂದರು. ನಾನು ಹೇಳುವುದಿಲ್ಲ ಎಂದೆ. ಕೆಳಗೆ ಯಂತ್ರಗಳು ತಿರುಗುತ್ತಿದ್ದವು.

ಆ ಮೇಲಿನ ದಿನಗಳು ಹೇಗೆ ಕಳೆದವೆಂದು ಹೇಳಲಾರೆ. ಮಧ್ಯಾಹ್ನದ ಹೊತ್ತಿಗೆ ದೂರದಲ್ಲಿ ಧಡ್ ಎಂದರೆ ಸಾಕು, ನನ್ನ ಕೈ ನಿಂತುಹೋಗುತ್ತಿತ್ತು. ಅಷ್ಟು ದೂರದ ಕ್ವಾರಿಯ ಸದ್ದು ಶಿಡ್ಲಘಟ್ಟಕ್ಕೆ ಕೇಳಿಸುವುದಿಲ್ಲ, ಅದು ಲಾರಿಯ ಹಲಗೆ ಬಿದ್ದ ಸದ್ದು ಎಂದು ಬುದ್ಧಿಗೆ ಗೊತ್ತು. ಹೊಟ್ಟೆಗೆ ಗೊತ್ತಿಲ್ಲ. ಕ್ವಾರಿಯವರಿಗೆ ಹೆಸರಿಲ್ಲದ ಕಾಗದ ಬರೆಯೋಣವೆಂದು ಎರಡು ಸಲ ಟೈಪು ಮಾಡಿ ಎರಡು ಸಲ ಅಳಿಸಿದೆ. ಬರೆದರೆ ಅವರನ್ನು ಮತ್ತೆ ಆ ಜೀರುಂಡೆಯ ಬಾಯಿಗೆ ತಳ್ಳಿದಂತೆ. ಬರೆಯದಿದ್ದರೆ ಒಂದು ದಿನ ಆ ದಾರಿಯಲ್ಲಿ ಯಾರೋ. ಅಥವಾ ಅವರೇ. ಟೀ ಮಾಡುವ ಅಕ್ಕ ದಿನವೂ ಬರುತ್ತಾಳೆಯೇ? ಅವಳಿಗೆ ಜ್ವರ ಬಂದರೆ? ಈ ಕೊನೆಯ ಪ್ರಶ್ನೆ ಬಂದ ಮೇಲೆ ತಡೆಯಲಾಗಲಿಲ್ಲ. ಸೆಂಟರಿಗೆ ಬೀಗ ಹಾಕಿ, ಒಂದೇ ಸಲ ಎಳೆದು ನೋಡಿ, ಮೊಪೆಡ್ ಹತ್ತಿದೆ. ಕೆಲಸ ಬಿಟ್ಟುಬಿಡಿ ಎಂದು ಕಾಲು ಹಿಡಿದಾದರೂ ಹೇಳುವುದು, ಇದು ನನ್ನ ಯೋಜನೆ.

ದಾರಿಯುದ್ದಕ್ಕೂ ಕಲ್ಲುಪುಡಿ ಕೂತು ಹಿಪ್ಪುನೇರಳೆ ಗಿಡಗಳು ಬೂದಿ ಬಳಿದುಕೊಂಡಂತಿದ್ದವು. ಗುಡ್ಡದ ನೆತ್ತಿಯ ಹತ್ತಿರ, ಎರಡು ಗುಂಡಿಗಳ ನಡುವಿನ ಕಾಲುದಾರಿಯಲ್ಲಿ, ಆನೆಯಷ್ಟು ದೊಡ್ಡ ಒಂದು ಒಂಟಿ ಬಂಡೆಯ ಪಕ್ಕ ಅವರು ನಿಂತಿದ್ದರು. ಕೈಯಲ್ಲಿ ಬಾವುಟ, ಕಿವಿಯ ಮೇಲೆ ಪೆನ್ಸಿಲ್. ನನ್ನನ್ನು ಕಂಡು ಮುಖ ಅರಳಿತು.

“ಅರೆರೆ, ಕಂಪ್ಯೂಟ್ರಪ್ಪ! ಒಳ್ಳೇ ಟೈಮಿಗೆ ಬಂದೆ. ಅಕ್ಕ ಚಿಂತಾಮಣಿಗೆ ಹೋಗಿದಾಳೆ, ತಂಗಿ ಮನೆ ಗೃಹಪ್ರವೇಶ. ಇವತ್ತು ರಜಾ ಹಾಕ್ಬಿಡೋಣ ಅಂತಿದ್ದೆ, ನೀನು ಬಂದ್ಯಲ್ಲ.”

ಆ ಮಾತು ಕೇಳಿದ ಕೂಡಲೇ ನಾನು ವಾಪಸ್ಸು ಹೊರಡಬೇಕಾಗಿತ್ತು, ಅವರನ್ನೂ ಎಳೆದುಕೊಂಡು. ಬಾಯಿ ತೆರೆದೆ. ಅಷ್ಟರಲ್ಲಿ ಸಿಳ್ಳು ಬಿತ್ತು.

“ಎಲ್ಲಿಂದಪ್ಪಾ?”

ಅದು ಹೆಡ್‌ಫೋನ್ ಅಲ್ಲ. ಸುತ್ತ ಕಡಿದ ಬಂಡೆಯ ಗೋಡೆಗಳು. ಸಿಳ್ಳು ಒಂದು ಗೋಡೆಗೆ ಬಡಿದು, ಇನ್ನೊಂದಕ್ಕೆ ಹಾರಿ, ಎಲ್ಲ ಕಡೆಯಿಂದಲೂ ಬಂತು. ನನಗೆ ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲ ಎಂದು ಹೇಳಬಹುದಿತ್ತು. ಆದರೆ ಮುನ್ನೂರು ಸಲ ಸರಿಯಾಗಿ ಹೇಳಿದವನು ನಾನು. ಅವರು ಬೆರಳೆತ್ತಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು, ಆ ‘ಸರಿ’ಯನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡು.

“ಎಡಗಡೆ,” ಎಂದೆ. ಕೈ ಕೂಡ ತೋರಿಸಿದೆ.

“ಸರಿ.”

ಎಡಗಡೆಯ ಗುಂಡಿಯ ದಾರಿಗೆ ಹೋಗಿ ಬಾವುಟ ನೆಟ್ಟು ಬಂದರು. ಎರಡನೇ ಸಿಳ್ಳು. ನನ್ನ ತೋಳು ಹಿಡಿದು ಒಂಟಿ ಬಂಡೆಯ ಬಲಮಗ್ಗುಲಿಗೆ ಕರೆದೊಯ್ದು ಕೂರಿಸಿದರು. ಎಡಗಡೆ ಸಿಡಿದರೆ ಬಂಡೆ ಅಡ್ಡ ಇರಬೇಕಲ್ಲ. “ಮೂರನೇದು ಆದ್ಮೇಲೆ ಬತ್ತಿ ಹಚ್ತಾರೆ,” ಎಂದರು. ಮೂರನೇ ಸಿಳ್ಳೂ ಆಯಿತು. ನಾನು ಕೆಲಸ ಬಿಡುವ ಮಾತು ತೆಗೆದೆ. ಅವರು ನನ್ನ ಕಡೆ ನೋಡುತ್ತಿರಲಿಲ್ಲ. ನಮ್ಮ ಎದುರಿಗೇ, ಬಲಗಡೆಯ ಗುಂಡಿಯ ಅಂಚಿನಿಂದ ಪಾರಿವಾಳಗಳ ಗುಂಪೊಂದು ಎದ್ದು ಹಾರಿತು. ಅದರ ಹಿಂದೆಯೇ ಒಬ್ಬ ಬಗ್ಗಿಕೊಂಡು ಆಚೆಗೆ ಓಡಿದ.

ನಾವು ಕೂತಿದ್ದದ್ದು ಸಿಡಿಯುವ ಗುಂಡಿಗೆ ಮುಖ ಮಾಡಿ, ಬಟಾಬಯಲಿನಲ್ಲಿ.

ನಾನು ಅಲ್ಲಾಡಲಿಲ್ಲ. ಆಟದಲ್ಲಿ ಎಷ್ಟು ಒತ್ತಿದರೂ ಏಳದವನು ಏನನ್ನು ಯೋಚಿಸುತ್ತಿರುತ್ತಾನೆ ಎಂದು ಈಗ ನಾನು ಹೇಳಬಲ್ಲೆ. ಏನನ್ನೂ ಇಲ್ಲ. ಹವಾಲ್ದಾರ್ರು ಒಂದು ಸಲ ಬಂಡೆಯ ಆಚೆ ಮಗ್ಗುಲನ್ನು ನೋಡಿದರು, ಒಂದು ಸಲ ನನ್ನನ್ನು. ಅವರೊಬ್ಬರೇ ಆಗಿದ್ದರೆ ಆಚೆ ಸೇರಿಕೊಳ್ಳುವಷ್ಟು ಹೊತ್ತಿತ್ತು. ನನ್ನ ಕತ್ತು ಹಿಡಿದು ನೆಲಕ್ಕೆ ಅದುಮಿ, ಮೇಲೆ ಬಿದ್ದರು. ಆಮೇಲೆ ಎರಡು ಅಂಗೈಗಳು ಬಂದು ನನ್ನ ಎರಡೂ ಕಿವಿಗಳ ಮೇಲೆ ಕೂತವು. ಒರಟು ಅಂಗೈ, ಪೆನ್ಸಿಲ್ ಮರದ ವಾಸನೆ.

ಆ ಸ್ಫೋಟವನ್ನು ನಾನು ಕೇಳಲೇ ಇಲ್ಲ. ನೆಲ ಎದೆಗೆ ಗುದ್ದಿತು, ಅಷ್ಟೇ. ಕಲ್ಲುಗಳು ಸುತ್ತ ಬೀಳುವುದು ದೂರದ ಮಳೆಯ ಹಾಗೆ ಬೆರಳ ಸಂದಿಯಿಂದ ಬಂತು. ನಿಂತಿತು. ಧೂಳು ಇಳಿಯಿತು. ಗುಂಡಿಯವರು ಕೂಗಾಡುತ್ತ ಓಡಿ ಬರುತ್ತಿದ್ದರು. ಹವಾಲ್ದಾರ್ರ ಕೈಗಳು ಇನ್ನೂ ನನ್ನ ಕಿವಿಯ ಮೇಲೆಯೇ ಇದ್ದವು. ನಾನು ಕತ್ತು ಹೊರಳಿಸಿ ನೋಡಿದೆ. ಅವರ ಬಲಗಿವಿಯಿಂದ ಸಣ್ಣಗೆ ರಕ್ತ ಇಳಿಯುತ್ತಿತ್ತು. ಬಹಳ ಜೋರಾಗಿ, ಯಾರನ್ನೋ ಗುಡ್ಡದಾಚೆಯಿಂದ ಕರೆಯುವವರಂತೆ ಕೇಳಿದರು:

“ಆಯ್ತಾ?”

ಅವರ ಬೆನ್ನಿನ ಗಾಯಗಳು ವಾಸಿಯಾದವು. ಚಿಕ್ಕಬಳ್ಳಾಪುರದ ಡಾಕ್ಟರು ಬಲಗಿವಿಯೊಳಗೆ ದೀಪ ಹಾಕಿ ನೋಡಿ ತಲೆಯಾಡಿಸಿದರು. ಕ್ವಾರಿಯ ಸಾಹುಕಾರ ಆಸ್ಪತ್ರೆಗೆ ಬಂದು ಕೇಳಿದಾಗ ಹವಾಲ್ದಾರ್ರು, ತನಗೆ ಮೊದಲಿನಿಂದಲೂ ಎಡಗಿವಿ ಇಲ್ಲ, ದಿಕ್ಕು ತಪ್ಪಿದ್ದು ತಾನೇ ಎಂದು ಹೇಳಿದರು. “ಕಿವುಡನ್ನ ತಂದು ಸಿಳ್ಳು ಕೇಳೋಕೆ ನಿಲ್ಸಿದ್ವಲ್ಲಪ್ಪ!” ಎಂದ ಆತ, ನನ್ನ ಕಡೆ ತಿರುಗಿ, “ಈ ಸಾರ್ ಪುಣ್ಯ, ಬದುಕಿಕೊಂಡ್ರು.” ನಾನು ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ. ಎರಡೂ ಕಿವಿ ಚೆನ್ನಾಗಿ ಕೇಳುತ್ತಿದ್ದವು. ಬಾಯಿ ಮಾತ್ರ ಬರಲಿಲ್ಲ.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಅವರು ಮೆಟ್ಟಿಲು ಹತ್ತಿ ಬಂದರು, ಈ ಸಲ ನಡುವೆ ಎಲ್ಲೂ ನಿಲ್ಲದೆ. ಬಲಗಿವಿಯ ಮೇಲೂ ಒಂದು ಪೆನ್ಸಿಲ್ ಬಂದಿತ್ತು. ನಾನು ಅದನ್ನೇ ನೋಡುತ್ತಿರುವುದನ್ನು ಕಂಡು, “ಎರಡಕ್ಕೂ ಒಂದೇ ಕೆಲಸ ಕೊಟ್ಟಿದೀನಿ. ಜಗಳ ಬೇಡ ಅಂತ,” ಎಂದು ಕೂಗಿ ಹೇಳಿದರು. ಭಾಯ್ ನಕ್ಕ, ಆಮೇಲೆ ಟೀ ಲೋಟ ಇಟ್ಟು ಬೇಗ ಕೆಳಗೆ ಹೋಗಿಬಿಟ್ಟ.

ಒಂದು ಹಾಳು ಲಗ್ನಪತ್ರಿಕೆಯ ಹಿಂದೆ ‘ಎಡಗಡೆ ಅಂದಿದ್ದು ನಾನು’ ಎಂದು ಬರೆದು ಅವರ ಮುಂದೆ ತಳ್ಳಿದೆ. ಓದಿದರು. ಒಂದು ಕಿವಿಯಿಂದ ಪೆನ್ಸಿಲ್ ತೆಗೆದು ಕೆಳಗೆ ಬರೆದರು: ‘ಕೇಳಿದ್ದು ನಾನು.’ ಪತ್ರಿಕೆಯನ್ನು ಮಗುಚಿಟ್ಟು, ಗಡಿಯಾರ ಬಿಚ್ಚಿ, ಆಟ ಹಾಕು ಎಂದು ಸನ್ನೆ ಮಾಡಿದರು.

ಅಂದಿನಿಂದ ಎರಡು ಕಂಪ್ಯೂಟರಿನಲ್ಲೂ ಸದ್ದು ಬಂದ್ ಮಾಡಿ ಆಡಿದೆವು. ಅದು ಬೇರೆಯೇ ಯುದ್ಧ. ಸದ್ದಿಲ್ಲದೆ ಬೇಲಿ ಹರಿಯುತ್ತದೆ, ಸದ್ದಿಲ್ಲದೆ ಮನೆಯ ಹೆಂಚು ಹಾರುತ್ತದೆ, ಹೆಸರಿನ ಪಕ್ಕದ ‘ಗಾಬರಿ’ ಹೋಗಿ ಏನೂ ಇಲ್ಲದಂತಾಗುತ್ತದೆ. ಆ ಊರಿನಲ್ಲಿ ನಾನು ಒಂದು ಆಟವನ್ನೂ ಗೆಲ್ಲಲಿಲ್ಲ. ಇಬ್ಬರಿಗೂ ಕಿವಿ ಇಲ್ಲವೆಂದಾದ ಮೇಲೆ ಕಣ್ಣಿದ್ದದ್ದು ಅವರೊಬ್ಬರಿಗೇ. ಆಡುವಾಗ ಒಮ್ಮೊಮ್ಮೆ ತಲೆ ಕೊಡವಿಕೊಳ್ಳುತ್ತಿದ್ದರು. ಈಗ ಎರಡೂ ಕಡೆ ಜೀರುಂಡೆ, ಅದನ್ನು ಮುಳುಗಿಸುವಂಥ ಯಾವ ಯಂತ್ರವೂ ಯಾವ ಊರಿನಲ್ಲೂ ಇರಲಿಲ್ಲ. ನಾನು ನೋಡಿದೆನೆಂದು ತಿಳಿದರೆ ಕೊಡವುವುದನ್ನು ನಿಲ್ಲಿಸಿಬಿಡುತ್ತಿದ್ದರು.

ಎರಡು ವರ್ಷ ಕಳೆದ ಮೇಲೆ, ಒಂದು ಚಳಿಗಾಲದ ಬೆಳಿಗ್ಗೆ ಅವರ ತಮ್ಮನ ಫೋನು ಬಂತು. ಹೃದಯಾಘಾತ. ಸಾದಲಿಗೆ ಹೋದೆ. ರೇಷ್ಮೆಹುಳು ಹಣ್ಣಾಗಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಟ್ಟ ದಿನ ಅದು. ಹಿಂದಿನ ದಿನದವರೆಗೂ ಸೊಪ್ಪು ಮೇಯುವ ಸದ್ದಿನಿಂದ ಸೋನೆ ಹಿಡಿದಂತಿದ್ದ ಹುಳುಮನೆ, ಈಗ ಸಾವಿರಾರು ಹುಳುಗಳು ಗೂಡು ಕಟ್ಟುತ್ತಿದ್ದರೂ ನಿಶ್ಶಬ್ದವಾಗಿತ್ತು. ಅಂಗಳದಲ್ಲಿ ಅವರನ್ನು ಮಲಗಿಸಿದ್ದರು. ಕಿವಿಗಳ ಮೇಲೆ ಪೆನ್ಸಿಲ್ ಇರಲಿಲ್ಲ. ಎರಡೂ ಕಿವಿಗಳ ಹಿಂದೆ ಕಪ್ಪು ಕೂದಲು.

ತಿಥಿಯಾದ ಮೇಲೆ ಅವರ ಹೆಂಡತಿ ನನಗೆ ಕಾಫಿ ತಂದುಕೊಟ್ಟು ಪಕ್ಕದ ಜಗಲಿಯ ಮೇಲೆ ಕೂತರು. ನಾನು ಏನಾದರೂ ಹೇಳಬೇಕೆಂದು, “ಅವರ ಎಡಗಿವಿ ವಿಷಯ ನಿಮಗೆ ಮೊದ್ಲೇ...” ಎಂದು ತೊದಲಿದೆ.

“ಗೊತ್ತಿರ್ಲಿಲ್ಲ ಅಂದ್ಕೊಂ‌ಡ್ಯೇನಪ್ಪ? ಮಿಲಿಟ್ರಿಯಿಂದ ಬಂದ ದಿನಾನೇ ಗೊತ್ತಾಯ್ತು. ಎಡಗಡೆ ನಿಂತು ಊಟಕ್ಕೆ ಏಳಿ ಅಂದ್ರೆ ಬೀದಿ ಕಡೆ ತಿರುಗಿದ್ರು. ಅವತ್ತಿಂದ ನಾನು ಬಲಗಡೆಗೇ ನಿಂತ್ಕೊಂಡೆ, ಅವ್ರಿಗೆ ಗೊತ್ತಾಗ್ದಂಗೆ.” ಸೆರಗಿನಿಂದ ಮೂಗು ಒರೆಸಿಕೊಂಡರು. “ಆ ಬಲಗಿವೀನೂ ಹೋಯ್ತಲ್ಲಪ್ಪ. ಆಮೇಲೆ ಎಲ್ಲಿ ನಿಂತ್ಕೋಬೇಕೋ ತಿಳೀಲಿಲ್ಲ. ಅಷ್ಟು ಹುಷಾರಿದ್ದ ಮನುಷ್ಯ ಆವತ್ತೊಂದಿನ ಹೆಂಗೆ ತಪ್ಪಿದ್ರೋ.”

ಕಾಫಿ ಕುಡಿದೆ. ಹೆಂಗೆ ತಪ್ಪಿದರು ಎಂದು ನಾನು ಅವರಿಗೆ ಹೇಳಲಿಲ್ಲ. ಕ್ವಾರಿಯ ಸಾಹುಕಾರನಿಗೂ ಹೇಳಲಿಲ್ಲ. ಅದನ್ನು ಹೇಳುವುದಕ್ಕಾಗಿಯೇ ಇಷ್ಟೆಲ್ಲ ಬರೆದೆ: ಹವಾಲ್ದಾರ್ರು ತಪ್ಪಲಿಲ್ಲ, ತಪ್ಪಿದವನು ನಾನು.

ಸೆಂಟರ್ ಮುಚ್ಚಿ ಬಹಳ ವರ್ಷವಾಯಿತು. ಈಗ ನನಗೆ ಐವತ್ತು ದಾಟಿದೆ. ಪ್ರತಿ ವರ್ಷ ಯಾವುದಾದರೂ ಒಂದು ಅಂಗವನ್ನು ಪರೀಕ್ಷೆ ಮಾಡಿಸಿಕೊಳ್ಳದಿದ್ದರೆ ನನಗೆ ನಿದ್ದೆ ಹತ್ತುವುದಿಲ್ಲ. ಮೊನ್ನೆ ಕಿವಿಗಳ ಸರದಿ. ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಸದ್ದು ಬಂದ ಕಡೆಯ ಕೈ ಎತ್ತಿ ಎಂದರು. ಎಡ, ಬಲ, ಬಲ, ಎಡ. ಒಂದೂ ತಪ್ಪಲಿಲ್ಲ. ಹೊರಗೆ ಬಂದಾಗ ಡಾಕ್ಟರು ಕಾಗದ ನೋಡುತ್ತ, “ಈ ವಯಸ್ಸಿಗೆ ಇಷ್ಟು ಚೆನ್ನಾಗಿರೋ ಕಿವಿ ಅಪರೂಪ. ಬಹಳ ಜೋಪಾನವಾಗಿ ಇಟ್ಕೊಂಡಿದೀರ,” ಎಂದರು.

ನಾನಲ್ಲ ಇಟ್ಟುಕೊಂಡದ್ದು, ಎನ್ನಬೇಕೆಂದುಕೊಂಡೆ. ಅವರ ಮೇಜಿನ ಮೇಲೆ ಒಂದು ಪೆನ್ಸಿಲ್ ಇತ್ತು. ಅದನ್ನೇ ನೋಡುತ್ತ ಕೂತೆ.